ಗ್ರಂಥಾಲಯ ಸಪ್ತಾಹದಲ್ಲಿ ಕಪ್ಪು ಲೇಖಕಿಯರ ಓದಿಗೂ ಒಂದು ಮಧ್ಯಾಹ್ನವಿರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ನಮ್ಮ ವಿಜಯಪುರದ ಸಾರ್ವಜನಿಕ ಗ್ರಂಥಾಲಯಗಳಲ್ಲಿಯೂ ಗ್ರಂಥಾಲಯ ಸಪ್ತಾಹ ನಡೆಯುತ್ತದೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಡಾ. ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಮಾಲಾರ್ಪಣೆ, ಪುಸ್ತಕ ಪ್ರದರ್ಶನ, ಶಾಲಾ ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ಕೊನೆಯ ದಿನ ಬಹುಮಾನ ವಿತರಣೆ, ಇವೆಲ್ಲ ವಾಡಿಕೆಯಂತೆ ನಡೆದು ಬಂದಿವೆ, ನಡೆಯಲಿ. ಇವುಗಳ ಜೊತೆಗೆ, ಆಫ್ರಿಕಾ ಮೂಲದ ಅಮೆರಿಕನ್ ಮಹಿಳೆಯರ, ಅಂದರೆ ಕಪ್ಪು ಲೇಖಕಿಯರ ಬರಹಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಕೇಳಿ, ಅವುಗಳ ಮೇಲೆ ಮಾತನಾಡುವ ಒಂದು ಸಭೆಯನ್ನು ಈ ವರ್ಷದ ಸಪ್ತಾಹದಿಂದ ಆರಂಭಿಸಬೇಕು. ಕೇಂದ್ರ ಗ್ರಂಥಾಲಯದಲ್ಲಿ, ಬಡಾವಣೆಗಳ ಶಾಖೆಗಳಲ್ಲಿ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಅದನ್ನು ತಿಂಗಳಿಗೊಮ್ಮೆಯಾದರೂ ಮುಂದುವರಿಸಬೇಕು ಎಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ದೂರದ ದೇಶದ ಲೇಖಕಿಯರು ನಮ್ಮ ಗ್ರಂಥಾಲಯಕ್ಕೆ ಏಕೆ ಬೇಕು ಎಂದು ಕೇಳುವವರು ಇದ್ದೇ ಇರುತ್ತಾರೆ. ಆ ಪ್ರಶ್ನೆಗೆ ಮುಂದೆ ಬರುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದದ್ದು, ಈ ಲೇಖಕಿಯರ ಸಾಹಿತ್ಯಕ್ಕೂ ಸಾರ್ವಜನಿಕ ಗ್ರಂಥಾಲಯಕ್ಕೂ ಇರುವ ನಂಟು ಎಷ್ಟು ಗಾಢವಾದದ್ದು ಎಂಬುದು. ನ್ಯೂಯಾರ್ಕ್ ನಗರದಲ್ಲಿ ಕಪ್ಪು ಜನ ಹೆಚ್ಚಾಗಿ ನೆಲೆಸಿದ್ದ ಹಾರ್ಲೆಮ್ ಭಾಗದ 135ನೇ ಬೀದಿಯಲ್ಲಿ ಒಂದು ಶಾಖಾ ಗ್ರಂಥಾಲಯವಿತ್ತು. ಆರ್ಟುರೊ ಶೋಂಬರ್ಗ್ ಎಂಬ ಸಂಗ್ರಾಹಕರು ಕಪ್ಪು ಜನರ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ತಮ್ಮ ಸ್ವಂತ ದುಡಿಮೆಯಲ್ಲಿ ವರ್ಷಾನುಗಟ್ಟಲೆ ಕೂಡಿಸಿದ್ದರು. 1926ರಲ್ಲಿ ಆ ಸಂಗ್ರಹವನ್ನು ಕಾರ್ನೆಗಿ ಸಂಸ್ಥೆಯ 10,000 ಡಾಲರ್ ನೆರವಿನಿಂದ ಕೊಂಡು ಈ ಶಾಖೆಯಲ್ಲಿ ಇರಿಸಲಾಯಿತು. ಇಂದು ಅದು ಕಪ್ಪು ಜನರ ಬದುಕು, ಬರಹ ಕುರಿತ ಜಗತ್ತಿನ ದೊಡ್ಡ ಸಂಶೋಧನಾ ಕೇಂದ್ರಗಳಲ್ಲೊಂದು. 1928 ಮತ್ತು 1929ರಲ್ಲಿ ಒಂದರ ಹಿಂದೊಂದು ಎರಡು ಮಹತ್ವದ ಕಾದಂಬರಿಗಳನ್ನು ಪ್ರಕಟಿಸಿದ ನೆಲ್ಲಾ ಲಾರ್ಸೆನ್ ಇದೇ ಶಾಖೆಯಲ್ಲಿ ಗ್ರಂಥಪಾಲಕಿಯಾಗಿ ಕೆಲಸ ಮಾಡಿದವರು.

ಅದೇ ಶಾಖೆಯ ಮಕ್ಕಳ ವಿಭಾಗದಲ್ಲಿ ಅಗಸ್ಟಾ ಬೇಕರ್ ಎಂಬ ಗ್ರಂಥಪಾಲಕಿ ಇದ್ದರು. ಒಂದು ದಿನ ಕಣ್ಣು ಸರಿಯಾಗಿ ಕಾಣದ ನಾಲ್ಕು ವರ್ಷದ ಹುಡುಗಿಯೊಬ್ಬಳು ಅಲ್ಲಿ ರಚ್ಚೆ ಹಿಡಿದು, ನೆಲಕ್ಕೆ ಬಿದ್ದು ಅಳುತ್ತಿದ್ದಳು. ಬೇಕರ್ ಆ ಮಗುವನ್ನು ಗದರಿಸಲಿಲ್ಲ, ಹೊರಗೆ ಕರೆದುಕೊಂಡು ಹೋಗಿ ಎಂದು ತಾಯಿಗೆ ಹೇಳಲೂ ಇಲ್ಲ. ಕಥೆ ಕೇಳುತ್ತೀಯಾ ಎಂದು ಕೇಳಿ, ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ಓದಿ ಹೇಳಿದರು. ಓದು ಮುಗಿದಾಗ ಆ ಹುಡುಗಿ ತನಗೂ ಓದಲು ಕಲಿಯಬೇಕು ಎಂದಳು. ಆಕೆಯೇ ಮುಂದೆ ಹೆಸರಾದ ಕವಯತ್ರಿ ಆಡ್ರಿ ಲಾರ್ಡ್. ಆ ಗ್ರಂಥಪಾಲಕಿಯ ಆ ಒಂದು ಕೆಲಸವೇ ತನ್ನ ಜೀವ ಉಳಿಸಿತು ಎಂದು ಲಾರ್ಡ್ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಅಂದರೆ 1913ರಿಂದ 1916ರವರೆಗೆ ಬಾಬಾಸಾಹೇಬ ಅಂಬೇಡ್ಕರ್ ಓದಿದ ಅದೇ ವಿಶ್ವವಿದ್ಯಾಲಯದಲ್ಲಿ, 1961ರಲ್ಲಿ ಗ್ರಂಥಾಲಯ ವಿಜ್ಞಾನದ ಪದವಿ ಪಡೆದು ಕೆಲವು ವರ್ಷ ಸ್ವತಃ ಗ್ರಂಥಪಾಲಕಿಯಾಗಿದ್ದರು.

ಷಿಕಾಗೊ ನಗರದ ಕಥೆಯೂ ಇಂಥದೇ. ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಮೊದಲ ಕಪ್ಪು ಗ್ರಂಥಪಾಲಕಿ ವಿವಿಯನ್ ಹಾರ್ಶ್ 1932ರಲ್ಲಿ ತೆರೆದ ಹಾಲ್ ಶಾಖೆಯ ಹೊಣೆ ಹೊತ್ತು, ಪುಸ್ತಕ ವಿಮರ್ಶೆ ಮತ್ತು ಉಪನ್ಯಾಸದ ವೇದಿಕೆಯೊಂದನ್ನು ಕಟ್ಟಿ ಬೆಳೆಸಿದರು. ಕಾದಂಬರಿಕಾರ್ತಿ ಜೋರಾ ನೀಲ್ ಹರ್ಸ್ಟನ್, ಕವಯತ್ರಿ ಗ್ವೆಂಡೊಲಿನ್ ಬ್ರೂಕ್ಸ್ ಅಂಥವರು ಆ ಶಾಖೆಗೆ ಬಂದು ಮಾತನಾಡಿದ್ದಾರೆ, ಸುತ್ತಲಿನ ಕೇರಿಯ ಜನ ಕೂತು ಕೇಳಿದ್ದಾರೆ. 1950ರಲ್ಲಿ ಬ್ರೂಕ್ಸ್ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಕಪ್ಪು ಜನರಲ್ಲಿ ಅವರೇ ಮೊದಲಿಗರು. 1993ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ್ತಿ ಟೋನಿ ಮಾರಿಸನ್ ಓಹಿಯೊ ರಾಜ್ಯದ ಲೊರೇನ್ ಎಂಬ ಕಾರ್ಖಾನೆ ಊರಿನವರು. ವಿದ್ಯಾರ್ಥಿನಿಯಾಗಿದ್ದಾಗ ಅವರು ಆ ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದರು. ಊರಿನವರು ತಮ್ಮನ್ನು ಗೌರವಿಸಲು ಮುಂದಾದಾಗ ಅವರು ಕೇಳಿದ್ದು ಗ್ರಂಥಾಲಯದಲ್ಲಿ ಒಂದು ಓದುವ ಕೋಣೆಯನ್ನು. 1995ರಲ್ಲಿ ಅದು ತೆರೆಯಿತು. ವೃತ್ತಗಳಲ್ಲಿ ಪ್ರತಿಮೆ ನಿಲ್ಲಿಸುವುದಕ್ಕೆ ನಾವು ಪಡುವ ಶ್ರಮದ ಒಂದು ಪಾಲು ಇಂಥ ಕೋಣೆಗಳಿಗೆ ಸಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಗ್ರಂಥಾಲಯದ ಬಾಗಿಲು ಅವರಿಗೆ ತಾನಾಗಿ ತೆರೆದಿರಲಿಲ್ಲ ಎಂಬುದನ್ನೂ ನಮ್ಮ ಮಕ್ಕಳು ತಿಳಿಯಬೇಕು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೆ ಒಂದು ಗ್ರಂಥಾಲಯ, ಕಪ್ಪು ಜನರಿಗೆ ಬೇರೆ ಗ್ರಂಥಾಲಯ ಎಂಬ ಪದ್ಧತಿ ಅರವತ್ತರ ದಶಕದವರೆಗೂ ಇತ್ತು. 1961ರ ಮಾರ್ಚ್ 27ರಂದು ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಟೂಗಲೂ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳು, ಅವರಲ್ಲಿ ಯುವತಿಯರೂ ಇದ್ದರು, ಬಿಳಿಯರ ಗ್ರಂಥಾಲಯದೊಳಗೆ ಹೋಗಿ ಪುಸ್ತಕ ತೆಗೆದುಕೊಂಡು ಓದುತ್ತ ಕುಳಿತರು. ಎದ್ದು ಹೋಗಲು ಒಪ್ಪದ ಅವರನ್ನು ಪೊಲೀಸರು ಬಂಧಿಸಿದರು. ಓದಲು ಕುಳಿತದ್ದೇ ಅಪರಾಧವಾದ ಆ ದಿನದ ವಿಷಯವನ್ನು ಕೆರೆಯ ನೀರು ಮುಟ್ಟಲು ಹೋರಾಡಬೇಕಾದ ನೆಲದವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆಕ್ಷೇಪಣೆಯ ವಿಷಯ. ನಮ್ಮ ಲೇಖಕಿಯರನ್ನೇ ಓದುವವರಿಲ್ಲದಿರುವಾಗ ಅಮೆರಿಕದವರನ್ನು ಹೊತ್ತು ಮೆರೆಸುವುದೇಕೆ ಎಂದು ನನ್ನ ಜೊತೆ ಕೆಲಸ ಮಾಡಿದ ಹಿರಿಯ ಶಿಕ್ಷಕರೊಬ್ಬರು ಕೇಳಿದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ನಾವಿರುವುದು ಫ.ಗು. ಹಳಕಟ್ಟಿಯವರ ಊರಿನಲ್ಲಿ. ವಕೀಲಿ ವೃತ್ತಿಯಲ್ಲಿದ್ದ ಅವರು ಮನೆಮನೆಯ ಜಗಲಿಯ ಮೇಲೆ ಪೂಜೆಗೊಂಡು ಕೂತಿದ್ದ ತಾಡವಾಲೆಯ ಕಟ್ಟುಗಳನ್ನು ಹುಡುಕಿ ತಂದು, ಓದಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು; 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಹಾರ್ಲೆಮ್‌ನಲ್ಲಿ ಶೋಂಬರ್ಗ್ ಸಂಗ್ರಹ ಗ್ರಂಥಾಲಯ ಸೇರಿದ್ದೂ ಅದೇ ವರ್ಷ. ಕಸ ಗುಡಿಸುವ ಕಾಯಕದ ಸತ್ಯಕ್ಕ, ನೂಲುವ ಕದಿರೆ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ, ಒಂದೇ ಒಂದು ವಚನದಿಂದ ನಮ್ಮವರೆಗೆ ಬಂದಿರುವ ಸೂಳೆ ಸಂಕವ್ವೆ, ಇವರ ಮಾತು ನಮ್ಮ ಕೈಗೆ ಸಿಗುತ್ತಿರುವುದು ಹಳಕಟ್ಟಿಯವರಂಥ ಕೆಲವರು ಊರೂರು ಅಲೆದದ್ದರಿಂದ. ದುಡಿಯುವ ಹೆಣ್ಣುಮಕ್ಕಳ ಮಾತು ಹೇಗೆ ಕಳೆದುಹೋಗುತ್ತದೆ, ಯಾರ ಕೈಯಿಂದ ಉಳಿಯುತ್ತದೆ ಎಂಬುದು ಈ ಊರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಕಪ್ಪು ಲೇಖಕಿಯರನ್ನು ಓದಲು ವಿಜಯಪುರಕ್ಕಿಂತ ತಕ್ಕ ಊರು ಬೇರೆ ಇಲ್ಲ ಎಂದೇ ನಾನು ಹೇಳುತ್ತೇನೆ. ಒಂದು ತಿಂಗಳು ಜೋರಾ ನೀಲ್ ಹರ್ಸ್ಟನ್ ಅವರನ್ನು ಓದಿದರೆ ಮುಂದಿನ ತಿಂಗಳು ಗೀತಾ ನಾಗಭೂಷಣ ಅವರನ್ನು ಓದೋಣ. ಒಂದು ಓದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಹಾಸನದ ಹೆಣ್ಣುಮಕ್ಕಳ ಬದುಕನ್ನು ಬೇರೆ ದೇಶದವರು ಓದುತ್ತಿದ್ದಾರೆ ಎಂದು ನಾವೆಲ್ಲ ಹಿಗ್ಗಿದೆವು. ಅವರು ನಮ್ಮವರನ್ನು ಓದುವಾಗ ನಾವು ಅವರ ಹೆಣ್ಣುಮಕ್ಕಳನ್ನು ಓದದಿರುವುದು ಸರಿಯಲ್ಲ.

ಆಫ್ರಿಕಾ ನಮಗೆ ಅಷ್ಟು ದೂರವೂ ಅಲ್ಲ. ಆದಿಲಶಾಹಿಗಳ ಕಾಲದಲ್ಲಿ ಹಬಶಿ, ಅಂದರೆ ಆಫ್ರಿಕಾ ಮೂಲದ ಸರದಾರರು ಈ ಊರಿನ ಆಡಳಿತದಲ್ಲಿ ದೊಡ್ಡ ಸ್ಥಾನದಲ್ಲಿದ್ದರು. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾನ ದರಬಾರಿನ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನೇ. ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿ, ಉತ್ತರ ಕನ್ನಡದಲ್ಲಿ ಅದೇ ಮೂಲದ ಸಿದ್ದಿ ಜನರಿದ್ದಾರೆ. ಅವರ ಅಜ್ಜಿಯಂದಿರ ಹಾಡು, ಕಥೆಗಳಿಗೂ ಇಂಥ ಸಭೆಯಲ್ಲಿ ಜಾಗ ಸಿಗಬೇಕು. ಸಿದ್ದಿ ಹೆಣ್ಣುಮಕ್ಕಳನ್ನು ಕುಣಿತಕ್ಕೆ ಮಾತ್ರ ವೇದಿಕೆಗೆ ಕರೆಯುವ ರೂಢಿ ಇನ್ನಾದರೂ ನಿಲ್ಲಬೇಕು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಅಮೆರಿಕದ ಗುಲಾಮಗಿರಿಯೂ ನಮ್ಮ ಜಾತಿ ಪದ್ಧತಿಯೂ ಒಂದೇ ಎಂದು ಸುಲಭವಾಗಿ ಹೇಳಿಬಿಟ್ಟರೆ ಎರಡನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡು ಬಾಯಿಸ್ ಅವರಿಗೆ ಪತ್ರ ಬರೆದಾಗ ಎರಡೂ ಸಮುದಾಯಗಳ ಸ್ಥಿತಿಯಲ್ಲಿರುವ ಹೋಲಿಕೆಯನ್ನು ಎತ್ತಿ ಹೇಳಿದರು. ಆದರೆ ಗುಲಾಮಗಿರಿಗೂ ಅಸ್ಪೃಶ್ಯತೆಗೂ ಇರುವ ವ್ಯತ್ಯಾಸವನ್ನು ಅವರಷ್ಟು ಬಿಡಿಸಿ ಬರೆದವರೂ ವಿರಳ. ಆ ಶಿಸ್ತು ನಮ್ಮ ಚರ್ಚೆಗಳಲ್ಲಿಯೂ ಇರಬೇಕು.

ಇಂಥ ಓದಿನಿಂದ ಏನಾಗುತ್ತದೆ ಎಂಬುದನ್ನು ನಾನು ಊಹಿಸಿ ಹೇಳುತ್ತಿಲ್ಲ. ನಮ್ಮ ಬಡಾವಣೆಯ ಕೆಲವು ಹೆಣ್ಣುಮಕ್ಕಳು ಸ್ತ್ರೀಶಕ್ತಿ ಸಂಘದ ಸಭೆ ಮುಗಿದ ಮೇಲೆ ಒಂದು ತಾಸು ಉಳಿದು ಓದಿಗೆ ಕೂಡುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವರು, ಬಟ್ಟೆ ಹೊಲಿಯುವವರು, ಒಬ್ಬ ಆಶಾ ಕಾರ್ಯಕರ್ತೆ, ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ಬರುತ್ತಾರೆ. ಬರುವವರಲ್ಲಿ ಓದಲು ಬಾರದವರೂ ಇದ್ದಾರೆ. ನಾವು ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಬೇರೆ ಹೆಸರಿಟ್ಟುಕೊಂಡು ಪ್ರಕಟಿಸಿದ ಆತ್ಮಕಥನವನ್ನು ಓದಿದೆವು. ಇಂಗ್ಲಿಷ್ ಎಂ.ಎ. ಓದುತ್ತಿರುವ ಹುಡುಗಿ ವಾರಕ್ಕೆ ಕೆಲವು ಪುಟಗಳಂತೆ ಕನ್ನಡಕ್ಕೆ ಮಾಡಿಕೊಂಡು ಬರುತ್ತಿದ್ದಳು. ಒಡೆಯನ ಕಾಟದಿಂದ ತಪ್ಪಿಸಿಕೊಳ್ಳಲು ಜೇಕಬ್ಸ್ ತನ್ನ ಅಜ್ಜಿಯ ಮನೆಗೆ ಹೊಂದಿದ ಕೊಟ್ಟಿಗೆಯ ಅಟ್ಟದಲ್ಲಿ ಹೆಚ್ಚುಕಡಿಮೆ ಏಳು ವರ್ಷ ಅಡಗಿದ್ದಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದ ಕಡೆಯೂ ಮೂರೇ ಅಡಿ. ಗಾಳಿ ಬೆಳಕು ಇರಲಿಲ್ಲ, ಇಲಿಗಳು ಮೈಮೇಲೆ ಓಡಾಡುತ್ತಿದ್ದವು. ಕೈಗೆ ಸಿಕ್ಕ ಒಂದು ಬೈರಿಗೆಯಿಂದ ಅವಳು ಹಲಗೆಯಲ್ಲಿ ತೂತು ಕೊರೆದು, ಕೆಳಗೆ ಆಡುತ್ತಿದ್ದ ತನ್ನ ಮಕ್ಕಳನ್ನು ನೋಡುತ್ತಿದ್ದಳು. ತಾಯಿ ತಮ್ಮ ತಲೆಯ ಮೇಲೆಯೇ ಇದ್ದಾಳೆಂಬುದು ಆ ಮಕ್ಕಳಿಗೆ ತಿಳಿದಿರಲಿಲ್ಲ.

ಈ ಭಾಗ ಓದಿದಾಗ ರೊಟ್ಟಿ ಬಡಿಯುವ ಹೆಣ್ಣುಮಗಳೊಬ್ಬಳು ಎದ್ದು ನಿಂತು, ನೆಲದಿಂದ ಮೂರು ಅಡಿ ಎಷ್ಟೆಂದು ತನ್ನ ಸೊಂಟದ ಮಟ್ಟಕ್ಕೆ ಕೈ ಇಟ್ಟು ನೋಡಿ, “ಏಳು ವರ್ಷ ಆಕಿ ಎದ್ದು ನಿಂತೇ ಇಲ್ಲೇನ್ರೀ ಬಾಯಾರ?” ಎಂದು ಕೇಳಿದಳು. ಊಟ ಹೇಗೆ ಕೊಟ್ಟರು ಎಂದು ಇನ್ನೊಬ್ಬಳ ಪ್ರಶ್ನೆ. ಸಾಮಾನಿನ ಕೋಣೆಯಿಂದ ಅಟ್ಟಕ್ಕೆ ಸೋದರಮಾವ ಮಾಡಿಟ್ಟಿದ್ದ ಗುಪ್ತ ಕಿಂಡಿಯ ಮೂಲಕ ಎಂದು ಹುಡುಗಿ ಓದಿ ಹೇಳಿದಳು. ಸ್ವಲ್ಪ ಹೊತ್ತಿನ ನಂತರ ಆ ಮೊದಲಿನ ಹೆಣ್ಣುಮಗಳು ತಾನು ಗೋವಾಕ್ಕೆ ಗುಳೆ ಹೋಗಿದ್ದಾಗಿನ ವಿಷಯವನ್ನು ತಾನಾಗಿಯೇ ಎತ್ತಿದಳು. “ಮಗಳನ್ನ ನಮ್ಮವ್ವನ ಹತ್ರ ಬಿಟ್ಟು ಹೋಗಿದ್ನಿರೀ. ಎರಡು ವರ್ಷ ಅಕೀ ಮಾರಿ ನೋಡಿಲ್ಲ. ಈಕಿ ತೂತಿನ್ಯಾಗಿಂದರ ನೋಡ್ತಿದ್ಲು.” ಸಂಘದಲ್ಲಿ ಉಳಿತಾಯದ ಲೆಕ್ಕ ಬಿಟ್ಟು ಬೇರೆ ಮಾತಾಡದ ಈಕೆ ಅಂದು ಅರ್ಧ ತಾಸು ಮಾತಾಡಿದಳು. ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ ನನಗೆ, ಓದಿದ್ದಕ್ಕೆ ಇಷ್ಟು ನೇರವಾಗಿ ಯಾರಾದರೂ ಉತ್ತರ ಕೊಟ್ಟದ್ದು ಅಪರೂಪವೇ.

ಗುಲಾಮಗಿರಿ ಗಂಡಸರಿಗೆ ಭಯಂಕರವಾದದ್ದು, ಹೆಂಗಸರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಭಯಂಕರವಾದದ್ದು ಎಂದು ಜೇಕಬ್ಸ್ ಬರೆಯುತ್ತಾಳೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ದೇವದಾಸಿಯರಾಗಿ ಬದುಕು ಕಳೆದುಕೊಂಡ ತಾಯಂದಿರು ಇನ್ನೂ ನಮ್ಮ ನಡುವೆ ಇರುವ ಈ ಭಾಗದಲ್ಲಿ ಆ ಸಾಲನ್ನು ಓದಿದಾಗ ಸಭೆಯಲ್ಲಿ ಯಾರೂ ಅದಕ್ಕೆ ಅರ್ಥ ಕೇಳಲಿಲ್ಲ. ಇನ್ನೊಂದು ಸಂಗತಿಯನ್ನೂ ಹುಡುಗಿಯರು ಗಮನಿಸಿದರು. ಈ ಹೆಂಗಸರು ಬರೆದರೆ ಜನ ನಂಬುತ್ತಿರಲಿಲ್ಲ. ಆಫ್ರಿಕಾದಿಂದ ಹಿಡಿದು ತಂದು 1761ರಲ್ಲಿ ಬಾಸ್ಟನ್ ನಗರದಲ್ಲಿ ಮಾರಲಾದ ಮಗು ಫಿಲಿಸ್ ವೀಟ್ಲಿ ಬೆಳೆದು 1773ರಲ್ಲಿ ಕವನ ಸಂಕಲನ ಪ್ರಕಟಿಸಿದಾಗ, ಇವು ಈಕೆಯವೇ ಎಂದು ಊರಿನ ಗಣ್ಯರು ಸಹಿ ಹಾಕಿದ ಪತ್ರವನ್ನು ಅದರಲ್ಲಿ ಅಚ್ಚು ಮಾಡಬೇಕಾಯಿತು. ಜೇಕಬ್ಸ್ ಪುಸ್ತಕವನ್ನಂತೂ ಬಿಳಿಯ ಸಂಪಾದಕಿ ಬರೆದ ಕಟ್ಟುಕಥೆ ಎಂದು ಬಹುಕಾಲ ಭಾವಿಸಲಾಗಿತ್ತು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ವಿದುಷಿ ಹಳೆಯ ಪತ್ರಗಳನ್ನು ಹುಡುಕಿ ತೆಗೆದು ಅದು ಜೇಕಬ್ಸ್ ಅವಳದೇ ಬರಹ, ಅವಳದೇ ಬದುಕು ಎಂದು ಸಾಬೀತುಪಡಿಸಿದರು. ಹರ್ಸ್ಟನ್ 1960ರಲ್ಲಿ ಬಡತನದಲ್ಲಿ ತೀರಿಕೊಂಡರು. ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. 1973ರಲ್ಲಿ ಇನ್ನೊಬ್ಬ ಕಪ್ಪು ಲೇಖಕಿ ಆಲಿಸ್ ವಾಕರ್ ಆ ಸ್ಮಶಾನದ ಕಳೆಯ ನಡುವೆ ಹುಡುಕಾಡಿ ಅಲ್ಲೊಂದು ಕಲ್ಲು ನಿಲ್ಲಿಸಿದರು. ಪ್ರಶಸ್ತಿ ಪಡೆದವರ ಯಶೋಗಾಥೆಯನ್ನಷ್ಟೇ ಹೇಳಿ ಚಪ್ಪಾಳೆ ತಟ್ಟಿಸುವ ಕಾರ್ಯಕ್ರಮ ಆಗಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇದಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಅಮೆರಿಕದಲ್ಲಿ ಇಂಗ್ಲಿಷ್ ಶಿಕ್ಷಕರ ಮಂಡಳಿಯ ಕಪ್ಪು ಸದಸ್ಯರು 1990ರಲ್ಲಿ ಆರಂಭಿಸಿದ ಸಾಮೂಹಿಕ ಓದಿನ ಕಾರ್ಯಕ್ರಮ ಇಂದಿಗೂ ಪ್ರತಿ ಫೆಬ್ರುವರಿಯಲ್ಲಿ ಶಾಲೆ, ಗ್ರಂಥಾಲಯ, ಚರ್ಚುಗಳಲ್ಲಿ ನಡೆಯುತ್ತದೆ. ಜನ ಕೂಡುತ್ತಾರೆ, ಕಪ್ಪು ಲೇಖಕರ ಪುಟಗಳನ್ನು ಸರದಿಯಂತೆ ಗಟ್ಟಿಯಾಗಿ ಓದುತ್ತಾರೆ. ಪುರಾಣ ಪ್ರವಚನ ಕೇಳಿ, ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳೆದ ನಮ್ಮ ಸೀಮೆಯ ಜನರಿಗೆ ಕೂತು ಕೇಳುವ ಪದ್ಧತಿಯನ್ನು ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ಕನ್ನಡದಲ್ಲಿ ಪುಸ್ತಕಗಳೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ, ಎಂ.ಆರ್. ಕಮಲಾ ಅವರಂಥವರು ಆಫ್ರಿಕನ್-ಅಮೆರಿಕನ್ ಕವಿತೆಗಳನ್ನು ಕನ್ನಡಕ್ಕೆ ತಂದಿದ್ದಾರೆ. ಇಲ್ಲದ್ದನ್ನು ನಾವೇ ಮಾಡಿಕೊಳ್ಳಬಹುದು. ವೀಟ್ಲಿ, ಜೇಕಬ್ಸ್ ಬರಹಗಳ ಮೇಲೆ ಯಾರ ಹಕ್ಕೂ ಉಳಿದಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುವುದರಿಂದ, ಹರ್ಸ್ಟನ್ ಅವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳನ್ನೂ ಇಲ್ಲಿ ಯಾರು ಬೇಕಾದರೂ ಅನುವಾದಿಸಬಹುದು. ಊರಲ್ಲಿಯೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿನ ಇಂಗ್ಲಿಷ್ ಮತ್ತು ಕನ್ನಡ ವಿಭಾಗಗಳ ವಿದ್ಯಾರ್ಥಿನಿಯರು ಕೂಡಿ ತಿಂಗಳಿಗೆ ಹತ್ತು ಪುಟ ಅನುವಾದಿಸಿ ಕೊಟ್ಟರೆ ಜಿಲ್ಲೆಯ ಎಲ್ಲ ಅರಿವು ಕೇಂದ್ರಗಳಿಗೂ ಸಾಕಾಗುತ್ತದೆ, ಆ ಹುಡುಗಿಯರ ಕಲಿಕೆಗೂ ಅದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದಿಲ್ಲ.

ಹಣದ ಮಾತು ಬಂದರೆ, 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಓದಿಗೆ ಬರುವ ಹೆಣ್ಣುಮಕ್ಕಳ ಮನೆಗಳಿಂದಲೂ ಆ ಕರ ಹೋಗುತ್ತದೆ, ಆದರೆ ಅವರಲ್ಲಿ ಬಹುತೇಕರು ಗ್ರಂಥಾಲಯದ ಒಳಗೆ ಕಾಲಿಟ್ಟವರಲ್ಲ. ಇಂದು ನಮ್ಮ ಗ್ರಂಥಾಲಯಗಳಲ್ಲಿ ಕಾಣುವುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರು ಮತ್ತು ಪತ್ರಿಕೆ ನೋಡಲು ಬರುವ ಹಿರಿಯರು. ಅವರಿಗೆ ತೊಂದರೆಯಾಗುವುದು ಬೇಡ. ಓದುವ ಕೊಠಡಿಯಿಂದ ದೂರದ ಒಂದು ಕೋಣೆ, ಅದೂ ಇಲ್ಲದಿದ್ದರೆ ಅಂಗಳದ ಬೇವಿನ ಮರದ ಕೆಳಗೆ ಒಂದು ಜಮಖಾನೆ ಸಾಕು. ಹೊತ್ತು ಮಾತ್ರ ಹೆಣ್ಣುಮಕ್ಕಳಿಗೆ ಹೊಂದಬೇಕು. ಸಂಜೆ ಆರರ ಸಭೆಗೆ ಅಡಿಗೆ ಬಿಟ್ಟು ಯಾರೂ ಬರಲಾರರು. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಬರಬಲ್ಲರು. 2023ರ ಜೂನ್‌ನಿಂದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಿರುವುದರಿಂದ ಬಸವನ ಬಾಗೇವಾಡಿ, ತಿಕೋಟಾ ಕಡೆಯಿಂದಲೂ ಬಂದು ಹೋಗಬಹುದು. ಮಕ್ಕಳನ್ನು ಕರೆತರಲು ಅವಕಾಶವಿರಬೇಕು, ಮಗು ಅತ್ತರೆ ಯಾರೂ ಹುಬ್ಬು ಗಂಟಿಕ್ಕಬಾರದು. ಮುಖ್ಯ ಅತಿಥಿ, ಶಾಲು, ಹಾರ, ಸ್ವಾಗತ ಭಾಷಣ ದಯವಿಟ್ಟು ಬೇಡ. ಅವುಗಳಲ್ಲಿ ಮುಕ್ಕಾಲು ತಾಸು ಹೋದರೆ ಓದಲು ಏನೂ ಉಳಿಯುವುದಿಲ್ಲ. ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರಿಗೆ ಈಗಾಗಲೇ ಕೆಲಸದ ಹೊರೆ ಸಾಕಷ್ಟಿದೆ, ಗೌರವಧನ ಕಡಿಮೆ. ಆದ್ದರಿಂದ ಸಭೆ ನಡೆಸುವ ಹೊಣೆಯನ್ನು ಅವರ ಮೇಲೆ ಹೇರದೆ ಸ್ಥಳೀಯ ಶಿಕ್ಷಕಿಯರಿಗೆ, ಕಾಲೇಜು ಹುಡುಗಿಯರಿಗೆ ವಹಿಸುವುದು ಲೇಸು.

ಗ್ರಂಥಾಲಯ ಇಲಾಖೆಯ ಅಧಿಕಾರಿಗಳು ಈ ವರ್ಷದ ಸಪ್ತಾಹದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಅದರಲ್ಲಿ ಒಂದು ಮಧ್ಯಾಹ್ನವನ್ನು ಈ ಓದಿಗೆ ಗೊತ್ತು ಮಾಡಬೇಕು, ಮಹಿಳಾ ವಿಶ್ವವಿದ್ಯಾಲಯದವರು ಅನುವಾದಕ್ಕೆ ಕೈಜೋಡಿಸಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ನಮ್ಮ ಓದಿನ ಗುಂಪು ಕನ್ನಡಕ್ಕೆ ಮಾಡಿಕೊಂಡಿರುವ ಜೇಕಬ್ಸ್ ಪುಟಗಳನ್ನು ಶುದ್ಧಪ್ರತಿ ಮಾಡಿ ಇಟ್ಟಿದ್ದೇವೆ. ಯಾವ ಗ್ರಂಥಾಲಯದವರು ಕೇಳಿದರೂ ಅವುಗಳ ನೆರಳಚ್ಚು ಪ್ರತಿಗಳನ್ನು ಕೊಡುತ್ತೇವೆ, ಮೊದಲ ಸಭೆಗೆ ಬಂದು ಓದಲೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಕನ್ನಡ ಶಿಕ್ಷಕಿ,
ವಿಜಯಪುರ